ಅವರೆ ಫ್ರೀಜರ್‌ಗೆ, ಮೆಣಸಿನಕಾಯಿ ಬಿಸಿಲಿಗೆ: ಹಿತ್ತಲಿನ ತರಕಾರಿ ಕಾಪಿಟ್ಟುಕೊಳ್ಳುವ ಬಗೆ

ಹಿತ್ತಲಲ್ಲಿ ನಾಲ್ಕು ಸಾಲು ತರಕಾರಿ ಹಾಕಿದವರಿಗೆಲ್ಲ ಗೊತ್ತಿರುವ ಕಷ್ಟ ಇದು. ಬಂದರೆ ಎಲ್ಲ ಒಟ್ಟಿಗೇ ಬರುತ್ತದೆ. ಹುರುಳಿಕಾಯಿ ಬಿಡಲು ಶುರುವಾದರೆ ಮೂರು ವಾರ ಬರೀ ಹುರುಳಿಕಾಯಿಯೇ. ಪಲ್ಯ, ಸಾಗು, ಹುಳಿ ಎಲ್ಲ ಆಗುತ್ತದೆ. ಪಕ್ಕದ ಮನೆಗೂ ಹೋಗುತ್ತದೆ. ಆದರೂ ಬುಟ್ಟಿ ಖಾಲಿಯಾಗುವುದಿಲ್ಲ. ಎರಡು ತಿಂಗಳು ಕಳೆದ ಮೇಲೆ ಅದೇ ಹುರುಳಿಕಾಯಿಗೆ ದೇವರಾಜ ಮಾರುಕಟ್ಟೆಯಲ್ಲಿ ಹೇಳಿದಷ್ಟು ದುಡ್ಡು ಕೊಟ್ಟು ತರುತ್ತೇವೆ.

ಮೈಸೂರು, ಮಂಡ್ಯ ಕಡೆಯವರಿಗೆ ತರಕಾರಿ ಕಾಪಿಡಲು ಎರಡು ಒಳ್ಳೆ ದಾರಿ ಇವೆ: ಫ್ರೀಜರ್‌ನಲ್ಲಿಡುವುದು, ಒಣಗಿಸುವುದು. ಎರಡೂ ಕಷ್ಟದ ಕೆಲಸವಲ್ಲ. ಯಾವ ತರಕಾರಿಯನ್ನು ಯಾವ ದಾರಿಗೆ ಬಿಡಬೇಕು ಅನ್ನುವುದರಲ್ಲೇ ಅರ್ಧ ಕೆಲಸ ಇದೆ. ನಮ್ಮ ಮನೆಗಳ ಫ್ರೀಜರ್ ಚಿಕ್ಕದು. ಅದರಲ್ಲಿ ಸಿಕ್ಕಿದ್ದನ್ನೆಲ್ಲ ತುಂಬಿದರೆ ನಿಜವಾಗಿ ಬೇಕಾದದ್ದಕ್ಕೆ ಜಾಗ ಇರುವುದಿಲ್ಲ.

ಯಾವುದು ಎಲ್ಲಿಗೆ

ನಾನು ನೋಡುವುದು ಒಂದೇ ವಿಷಯ. ಈ ತರಕಾರಿ ಮುಂದೆ ಯಾವ ಅಡುಗೆಗೆ ಹೋಗುತ್ತದೆ? ಎಳೆತನ ಮತ್ತು ಹಸಿರು ಬಣ್ಣ ಉಳಿಯಲೇಬೇಕು ಅಂದರೆ ಫ್ರೀಜರ್. ಅವರೆಕಾಳು, ಹಿದುಕಿದ ಬೇಳೆ, ಹಸಿ ಬಟಾಣಿ, ಹಸಿ ಅಲಸಂದೆ ಕಾಳು, ಹುರುಳಿಕಾಯಿ, ಜೋಳದ ಕಾಳು, ಹೂಕೋಸು, ಇವೆಲ್ಲ ಅಲ್ಲಿಗೆ. ಕಾಳುಗಳಿಗೆ ಮೊದಲ ಜಾಗ. ಸಿಪ್ಪೆಯಿಂದ ಬಿಡಿಸಿದ ಮೇಲೆ ಅವು ಹಿಡಿಯುವ ಜಾಗ ಕಡಿಮೆ, ಕೆಡುವುದೂ ಕಡಿಮೆ.

ಒಣಗಿದರೆ ರುಚಿ ಇನ್ನೂ ಹೆಚ್ಚುವಂಥದ್ದು, ಇಲ್ಲವೇ ಹೇಗಿದ್ದರೂ ಸಾರಿನಲ್ಲಿ ಕರಗಿಹೋಗುವಂಥದ್ದು ಒಣಗಿಸಲು ಸರಿ. ಮೆಣಸಿನಕಾಯಿ, ಹಾಗಲಕಾಯಿ, ಗೋರಿಕಾಯಿ, ಬೆಂಡೆಕಾಯಿ, ಟೊಮೆಟೊ, ಈರುಳ್ಳಿ, ಕರಿಬೇವು, ನುಗ್ಗೆಸೊಪ್ಪು, ಮೆಂತ್ಯಸೊಪ್ಪು. ಕ್ಯಾರೆಟ್ ಎರಡಕ್ಕೂ ಹೊಂದುತ್ತದೆ.

ಇನ್ನು ಕೆಲವಕ್ಕೆ ಎರಡೂ ಬೇಡ. ಸೌತೆಕಾಯಿ, ಮೂಲಂಗಿ, ಪಡವಲಕಾಯಿ, ಸೋರೆಕಾಯಿ, ಸೀಮೆಬದನೆ. ಇವುಗಳ ಮೈಯೆಲ್ಲ ನೀರು. ಫ್ರೀಜರ್‌ನಿಂದ ತೆಗೆದರೆ ನೀರು ಬಿಟ್ಟು ಮೆತ್ತಗೆ ಜೋತುಬೀಳುತ್ತವೆ. ಹಸಿ ಆಲೂಗಡ್ಡೆಯೂ ಅಷ್ಟೇ. ಮೈಸೂರಿನ ಈರನಗೆರೆ ಬದನೆಯಂಥದ್ದನ್ನು ಕಾಪಿಡುವ ಯೋಚನೆಯನ್ನೇ ಬಿಡಿ. ಕೊಯ್ದ ದಿನವೇ ಎಣ್ಣೆಗಾಯಿ ಮಾಡಿ ತಿನ್ನಿ. ಬದನೆ ತೀರಾ ಜಾಸ್ತಿ ಬಂದಿದ್ದರೆ ಸುಟ್ಟು, ಸಿಪ್ಪೆ ತೆಗೆದು, ಕಿವುಚಿ, ಗೊಜ್ಜಿಗೆ ಬೇಕಾದಷ್ಟು ಅಳತೆಯಲ್ಲಿ ಫ್ರೀಜರ್‌ಗೆ ಇಡಬಹುದು.

ಕೊಯ್ಯುವ ಹೊತ್ತು

ಬೆಳಿಗ್ಗೆ ಇಬ್ಬನಿ ಆರಿದ ಕೂಡಲೇ ಕೊಯ್ಯಿರಿ. ಅದೇ ದಿನ, ಸಾಧ್ಯವಾದರೆ ಮಧ್ಯಾಹ್ನದೊಳಗೇ, ಕೆಲಸ ಮುಗಿಸಿ. ಬಟಾಣಿ, ಜೋಳದಂಥವು ಕಿತ್ತ ಗಳಿಗೆಯಿಂದಲೇ ಸಿಹಿ ಕಳೆದುಕೊಳ್ಳುತ್ತವೆ. ಅವುಗಳೊಳಗಿನ ಸಕ್ಕರೆ ಪಿಷ್ಟವಾಗುತ್ತಾ ಹೋಗುತ್ತದೆ. ನಾಲ್ಕು ದಿನ ಫ್ರಿಡ್ಜ್‌ನ ಕೆಳಗೆ ಬಿದ್ದಿದ್ದ ಬಾಡಿದ ತರಕಾರಿಯನ್ನು ಫ್ರೀಜರ್‌ಗೆ ಹಾಕಿದರೆ ಆರು ತಿಂಗಳಾದ ಮೇಲೂ ಬಾಡಿದ ತರಕಾರಿಯೇ ಸಿಗುತ್ತದೆ. ಹುಳ ಹಿಡಿದದ್ದು, ಬಲಿತು ನಾರಾದದ್ದು, ಪೆಟ್ಟಾದದ್ದು ಬೇರೆ ಮಾಡಿ. ಅವು ಆ ದಿನದ ಹುಳಿಗೆ.

ಕುದಿನೀರಿನ ಕೆಲಸ

ಫ್ರೀಜರ್ ತರಕಾರಿಯಲ್ಲಿ ತುಂಬಾ ಜನ ಬಿಟ್ಟುಬಿಡುವ ಹಂತ ಇದು. ಬ್ಲಾಂಚಿಂಗ್ ಅನ್ನುತ್ತಾರೆ. ತರಕಾರಿಯನ್ನು ಕುದಿಯುವ ನೀರಿಗೆ ಹಾಕಿ, ಒಂದೆರಡು ನಿಮಿಷಕ್ಕೆ ತೆಗೆದು, ತಕ್ಷಣ ಐಸ್ ನೀರಿಗೆ ಹಾಕುವುದು. ಅಷ್ಟೇ.

ಇದು ಯಾಕೆ ಬೇಕು? ಕಿತ್ತ ಮೇಲೂ ತರಕಾರಿಯೊಳಗೆ ಕಿಣ್ವಗಳು ಕೆಲಸ ಮಾಡುತ್ತಲೇ ಇರುತ್ತವೆ. ಕಾಯಿ ಬಲಿಯುವುದು, ಬಣ್ಣ ಕಳೆಯುವುದು ಎಲ್ಲ ಅವುಗಳಿಂದಲೇ. ಫ್ರೀಜರ್‌ನ ಚಳಿ ಅವುಗಳನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಬ್ಲಾಂಚ್ ಮಾಡದೆ ಇಟ್ಟ ಹುರುಳಿಕಾಯಿ ಎರಡು ಮೂರು ತಿಂಗಳಿಗೆ ಒಣಹುಲ್ಲಿನ ವಾಸನೆ ಹೊಡೆಯುವುದು ಇದಕ್ಕೇ. ಕುದಿನೀರಿನ ಬಿಸಿ ಕಿಣ್ವಗಳನ್ನು ಮುಗಿಸುತ್ತದೆ. ಮೇಲಿನ ಮಣ್ಣು, ಒಂದಷ್ಟು ಸೂಕ್ಷ್ಮಜೀವಿಗಳೂ ಹೋಗುತ್ತವೆ.

ಹೊತ್ತು ಮಾತ್ರ ಸರಿಯಾಗಿರಬೇಕು. ಕಡಿಮೆ ಆದರೆ ಬ್ಲಾಂಚ್ ಮಾಡದೇ ಇರುವುದಕ್ಕಿಂತ ಕಡೆ. ಅರೆಬಿಸಿಗೆ ಕಿಣ್ವಗಳು ಇನ್ನಷ್ಟು ಚುರುಕಾಗುತ್ತವೆ. ಜಾಸ್ತಿ ಆದರೆ ತರಕಾರಿ ಬೆಂದೇಹೋಗುತ್ತದೆ, ಸಿ ವಿಟಮಿನ್ ನೀರಿಗೆ ಹೋಗುತ್ತದೆ.

ದೊಡ್ಡ ಪಾತ್ರೆ ಇಡಿ. 1 ಕೆಜಿ ತರಕಾರಿಗೆ 8 ಲೀಟರ್ ನೀರು ಅನ್ನುವುದು ಲೆಕ್ಕ. ಮನೆಯಲ್ಲಿ ಅಷ್ಟು ದೊಡ್ಡ ಪಾತ್ರೆ ಇಲ್ಲದಿದ್ದರೆ 4 ಲೀಟರ್ ನೀರಿಟ್ಟು ಅರ್ಧರ್ಧ ಕೆಜಿ ಮಾಡಿ. ನೀರು ಕೊತಕೊತ ಕುದಿಯುವಾಗ ತರಕಾರಿ ಹಾಕಿ ಮುಚ್ಚಿ. ಒಂದು ನಿಮಿಷದೊಳಗೆ ನೀರು ಮತ್ತೆ ಕುದಿ ಹಿಡಿಯಬೇಕು. ಹಿಡಿಯದಿದ್ದರೆ ತರಕಾರಿ ಜಾಸ್ತಿ ಆಯಿತು ಅಂತ ಅರ್ಥ. ಹೊತ್ತು ಎಣಿಸುವುದು ಮತ್ತೆ ಕುದಿ ಬಂದ ಮೇಲೆ. ಮೊಬೈಲ್‌ನಲ್ಲಿ ಟೈಮರ್ ಇಟ್ಟುಕೊಳ್ಳಿ, ಅಂದಾಜು ಬೇಡ.

ಹಸಿ ಬಟಾಣಿಗೆ ಒಂದೂವರೆ ನಿಮಿಷ. ಅಲಸಂದೆ ಕಾಳಿಗೆ 2. ಇಂಚುದ್ದ ಹೆಚ್ಚಿದ ಹುರುಳಿಕಾಯಿಗೆ 3. ಕ್ಯಾರೆಟ್ ಸಣ್ಣಗೆ ಹೆಚ್ಚಿದ್ದರೆ 2. ಹೂಕೋಸಿಗೆ 3, ಆದರೆ ಮೊದಲು ಅರ್ಧ ಗಂಟೆ ಉಪ್ಪುನೀರಿನಲ್ಲಿಡಿ, ಒಳಗಿನ ಹುಳ ಹೊರಗೆ ಬರುತ್ತವೆ. ಎಳೆ ಬೆಂಡೆಕಾಯಿಯನ್ನು ತೊಟ್ಟು ತೆಗೆದು, ಬೀಜದ ಗೂಡು ಬಿಚ್ಚಿಕೊಳ್ಳದ ಹಾಗೆ ಇಡಿಯಾಗೇ 3 ನಿಮಿಷ. ಹೆಚ್ಚಿ ಹಾಕಿದರೆ ಪಾತ್ರೆಯೆಲ್ಲ ಲೋಳೆ. ದಂಟು, ಪಾಲಕ್‌ನಂಥ ಸೊಪ್ಪಿಗೆ 2. ಸೊಪ್ಪು ಮುದ್ದೆಯಾಗದ ಹಾಗೆ ಕೈಯಾಡಿಸುತ್ತಿರಿ. ಜೋಳವನ್ನು ತೆನೆಯಲ್ಲೇ 4 ನಿಮಿಷ ಹಾಕಿ ತಣ್ಣಗೆ ಮಾಡಿ, ಆಮೇಲೆ ಚಾಕುವಿನಲ್ಲಿ ಕಾಳು ಕೊಯ್ದುಕೊಳ್ಳಿ. ಸಿಹಿಗುಂಬಳ, ಬೀಟ್‌ರೂಟ್‌ಗೆ ಈ ಆಟ ನಡೆಯುವುದಿಲ್ಲ. ಅವನ್ನು ಪೂರ್ತಿ ಬೇಯಿಸಿಯೇ ಇಡಬೇಕು. ನುಗ್ಗೆಕಾಯಿಯನ್ನು ನಾನು ಬೆರಳುದ್ದ ಕತ್ತರಿಸಿ 2 ನಿಮಿಷ ಹಾಕುತ್ತೇನೆ.

ಎತ್ತರದ ಊರುಗಳಲ್ಲಿ ನೀರು ಬೇಗ ಕುದಿಯುತ್ತದೆ, ಅಲ್ಲಿ ಬಿಸಿ ಕಡಿಮೆ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ. ಇಲ್ಲಿ ನೀರು 97–98 ಡಿಗ್ರಿಗೇ ಕುದಿಯುತ್ತದೆ. ಈ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. 1500 ಮೀಟರ್ ದಾಟಿದ ಕಡೆ ಮಾತ್ರ ಒಂದು ನಿಮಿಷ ಸೇರಿಸುವ ರೂಢಿ.

ಬ್ಲಾಂಚಿಂಗ್ ಬೇಡದವೂ ಇವೆ. ಹಸಿಮೆಣಸಿನಕಾಯಿ, ದೊಣ್ಣೆಮೆಣಸಿನಕಾಯಿ, ಈರುಳ್ಳಿ, ಟೊಮೆಟೊ. ತೊಳೆದು, ಒರೆಸಿ, ನೇರವಾಗಿ ಇಡಿ. ಫ್ರೀಜರ್‌ನ ಟೊಮೆಟೊಗೆ ಇನ್ನೊಂದು ಲಾಭ ಇದೆ. ಇಡಿ ಹಣ್ಣನ್ನು ಹೊರಗೆ ತೆಗೆದು ನಲ್ಲಿ ನೀರಿಗೆ ಹಿಡಿದರೆ ಸಿಪ್ಪೆ ತಾನಾಗೇ ಜಾರುತ್ತದೆ. ಸಾರಿಗೆ ಕಿವುಚಿಕೊಳ್ಳಬಹುದು.

ತಣಿಸಿ, ಆರಿಸಿ, ಹರಡಿ

ಎಷ್ಟು ಹೊತ್ತು ಕುದಿನೀರಲ್ಲಿತ್ತೋ ಅಷ್ಟೇ ಹೊತ್ತು ಐಸ್ ನೀರಲ್ಲಿರಬೇಕು. ಹಿಂದಿನ ರಾತ್ರಿಯೇ ಎರಡು ಮೂರು ಡಬ್ಬಿಯಲ್ಲಿ ನೀರಿಟ್ಟು ಗಡ್ಡೆ ಮಾಡಿಕೊಂಡಿರಿ. ಟ್ರೇನಲ್ಲಿ ಬರುವ ಐಸ್ ತುಂಡು ಎರಡನೇ ಸಲಕ್ಕೇ ಖರ್ಚಾಗಿಹೋಗುತ್ತದೆ. ಏಪ್ರಿಲ್‌ನಲ್ಲಿ ಮಹಡಿ ಮೇಲಿನ ಟ್ಯಾಂಕ್ ನೀರಂತೂ ಬೆಚ್ಚಗೇ ಇರುತ್ತದೆ, ಅದರಲ್ಲಿ ಏನೂ ತಣ್ಣಗಾಗುವುದಿಲ್ಲ.

ತಣ್ಣಗಾದ ತರಕಾರಿಯನ್ನು ಸೋಸಿ, ಹಳೆ ಪಂಚೆಯ ಮೇಲೆ ಹರಡಿ. ಮೇಲೊಂದು ಬಟ್ಟೆ ಹಾಕಿ ಮೆಲ್ಲಗೆ ಒತ್ತಿ. ಫ್ಯಾನ್ ಕೆಳಗೆ ಹದಿನೈದು ನಿಮಿಷ ಬಿಡಿ. ಮೇಲಿನ ನೀರು ಹೋಗಲೇಬೇಕು. ಆ ನೀರೇ ಫ್ರೀಜರ್‌ನಲ್ಲಿ ಬಿಳಿ ಮಂಜಾಗಿ ಕೂರುವುದು, ಕಾಳಿಗೆ ಕಾಳು ಅಂಟಿಸುವುದು.

ಆಮೇಲೆ ಒಂದು ಸ್ಟೀಲ್ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಫ್ರೀಜರ್‌ಗೆ ಇಡಿ. ಎರಡು ಗಂಟೆಯಲ್ಲಿ ಕಾಳು ಗಟ್ಟಿಯಾಗುತ್ತದೆ. ತಟ್ಟೆ ಅಲ್ಲಾಡಿಸಿದರೆ ಕಲ್ಲು ಉರುಳಿದ ಸದ್ದು ಬರಬೇಕು. ಆಗ ಕವರ್‌ಗೆ ತುಂಬಿದರೆ ಬಿಡಿಬಿಡಿಯಾಗಿ ಇರುತ್ತದೆ. ಬೇಕಾದಾಗ ಒಂದು ಹಿಡಿ ತೆಗೆದುಕೊಳ್ಳಬಹುದು. ತಟ್ಟೆಗೆ ಜಾಗ ಇಲ್ಲದ ಫ್ರೀಜರ್ ಆದರೆ ಒಂದು ಹೊತ್ತಿನ ಅಡುಗೆಗೆ ಬೇಕಾದಷ್ಟನ್ನೇ ಒಂದೊಂದು ಕವರ್‌ಗೆ ಹಾಕಿ, ಚಪ್ಪಟೆ ಮಾಡಿ ಇಡಿ. ಚಪ್ಪಟೆ ಕವರ್ ಬೇಗ ಗಟ್ಟಿಯಾಗುತ್ತದೆ.

ಬೇಗ ಗಟ್ಟಿಯಾಗುವುದು ಯಾಕೆ ಮುಖ್ಯ? ನಿಧಾನಕ್ಕೆ ಹೆಪ್ಪುಗಟ್ಟಿದರೆ ತರಕಾರಿಯೊಳಗಿನ ನೀರು ದೊಡ್ಡ ದೊಡ್ಡ ಹರಳಾಗುತ್ತದೆ. ಆ ಹರಳು ಒಳಗಿನ ಗೋಡೆಗಳನ್ನು ಸೀಳುತ್ತದೆ. ಕರಗಿದಾಗ ತರಕಾರಿ ಲೊಳಲೊಳ. ಅದಕ್ಕೇ ಒಂದೇ ದಿನ ಜಾಸ್ತಿ ತುಂಬಬಾರದು. 50 ಲೀಟರ್ ಫ್ರೀಜರ್‌ಗೆ ದಿನಕ್ಕೆ 2 ಕೆಜಿ ಹೊಸ ತರಕಾರಿ ಸಾಕು. ತುಂಬುವ ಹಿಂದಿನ ದಿನ ಫ್ರೀಜರ್ ಗುಂಡಿಯನ್ನು ಅತಿ ಚಳಿಗೆ ತಿರುಗಿಸಿ. ಬೇಕಾದದ್ದು ಮೈನಸ್ 18 ಡಿಗ್ರಿ. ಒಂದೇ ಬಾಗಿಲಿನ ಫ್ರಿಡ್ಜ್‌ನೊಳಗಿರುವ ಚಿಕ್ಕ ಐಸ್ ಡಬ್ಬಿ ಸಾಮಾನ್ಯವಾಗಿ ಅಷ್ಟು ತಣ್ಣಗಾಗುವುದಿಲ್ಲ. ಅದರಲ್ಲಿ ಇಟ್ಟದ್ದನ್ನು ಒಂದೆರಡು ತಿಂಗಳಲ್ಲಿ ಮುಗಿಸಿ. ಎರಡು ಬಾಗಿಲಿನದಾದರೆ 8ರಿಂದ 12 ತಿಂಗಳು ಚೆನ್ನಾಗಿರುತ್ತದೆ.

ಕವರ್‌ನ ಗಾಳಿ ತೆಗೆಯಲು ಯಂತ್ರ ಬೇಡ. ಜಿಪ್ ಕವರ್‌ಗೆ ತುಂಬಿ, ಬಾಯಿ ಒಂದು ಮೂಲೆಯಲ್ಲಿ ಮಾತ್ರ ತೆರೆದಿರಲಿ. ಬಕೆಟ್ ನೀರಿನಲ್ಲಿ ಕವರನ್ನು ಬಾಯಿಯವರೆಗೆ ಮುಳುಗಿಸಿ. ನೀರು ಒತ್ತಿ ಗಾಳಿಯೆಲ್ಲ ಮೇಲೆ ಬರುತ್ತದೆ. ಆಗ ಬಾಯಿ ಮುಚ್ಚಿ, ಹೊರಗೆ ಒರೆಸಿ. ಗಾಳಿ ಉಳಿದರೆ ತರಕಾರಿಯ ಮೇಲೆ ಬಿಳಿ ಒಣ ಕಲೆ ಬೀಳುತ್ತದೆ. ತಿಂದರೆ ತೊಂದರೆ ಇಲ್ಲ, ಆದರೆ ರಟ್ಟು ಅಗಿದ ಹಾಗಿರುತ್ತದೆ. ಕವರ್ ಮೇಲೆ ಹೆಸರು, ತಾರೀಕು ಬರೆಯಿರಿ. ಮಂಜು ಕೂತ ಮೇಲೆ ಎಲ್ಲ ಒಂದೇ ಥರ ಕಾಣುತ್ತವೆ.

ಅವರೆಗೆ ಬೇರೆ ಮರ್ಯಾದೆ

ನಮ್ಮ ಕಡೆ ಫ್ರೀಜರ್ ಇರುವುದೇ ಅವರೆಗೆ ಅಂದರೂ ನಡೆಯುತ್ತದೆ. ಡಿಸೆಂಬರ್, ಜನವರಿಯ ಚಳಿಗೆ, ಇಬ್ಬನಿ ಬಿದ್ದ ಕಾಯಿಗೆ ಇರುವ ಸೊಗಡು ಬೇರೆ ತಿಂಗಳಲ್ಲಿ ಸಿಗುವುದಿಲ್ಲ. ಸಂಕ್ರಾಂತಿ ಹೊತ್ತಿಗೆ ತುಂಬಿಕೊಂಡರೆ ಉಗಾದಿ ದಾಟಿಸಬಹುದು.

ಕಾಯಿ ಮುಟ್ಟಿದರೆ ಕೈಗೆ ಅಂಟು ಹತ್ತಬೇಕು. ಸಿಪ್ಪೆ ಹಳದಿಯಾಗಿರಬಾರದು. ಸುಲಿದ ಕಾಳನ್ನು ಎಳೆಯದು, ಬಲಿತದ್ದು ಅಂತ ಎರಡು ಪಾಲು ಮಾಡಿ. ಎಳೆಯದಕ್ಕೆ 2 ನಿಮಿಷ, ಬಲಿತದ್ದಕ್ಕೆ 3 ನಿಮಿಷ ಕುದಿನೀರು. ಒಟ್ಟಿಗೆ ಹಾಕಿದರೆ ಒಂದು ಬೆಂದಿರುತ್ತದೆ, ಇನ್ನೊಂದು ಹಾಗೇ ಇರುತ್ತದೆ.

ಹಿದುಕಿದ ಬೇಳೆ ಇಡುವುದಾದರೆ ಬಲಿತ ಕಾಳನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ ಹೆಬ್ಬೆರಳು, ತೋರುಬೆರಳಿನ ಮಧ್ಯೆ ಕಾಳಿನ ತುದಿ ಹಿಡಿದು ಒತ್ತಿದರೆ ಬೇಳೆ ಚಿಮ್ಮಿ ಬೀಳುತ್ತದೆ. ಮನೆಮಂದಿಯೆಲ್ಲ ಟಿವಿ ಮುಂದೆ ಕೂತು ಮಾಡುವ ಕೆಲಸ ಇದು, ಒಬ್ಬರೇ ಕೂತರೆ ಬೆರಳು ಬೀಳುತ್ತದೆ. ಬೇಳೆಗೆ ಕುದಿನೀರು ಒಂದು ನಿಮಿಷ ಸಾಕು, ಮುಂದಕ್ಕೆ ಹೋದರೆ ಒಡೆಯುತ್ತದೆ. ಅಂಟಿಕೊಳ್ಳುವುದು ಜಾಸ್ತಿಯಾದ್ದರಿಂದ ಇದನ್ನಂತೂ ತಟ್ಟೆಯಲ್ಲಿ ಹರಡಿಯೇ ಗಟ್ಟಿ ಮಾಡಿ.

ಒಣಗಿಸುವುದು: ಯಂತ್ರದಲ್ಲಿ

ಒಣಗಿಸುವುದರ ಗುಟ್ಟು ಒಂದೇ, ನೀರು ತೆಗೆಯುವುದು. ನೀರಿಲ್ಲದ ಕಡೆ ಬೂಸ್ಟು, ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಅದನ್ನು ದೊಡ್ಡ ಮಟ್ಟದಲ್ಲಿ ಮಾಡುವವರು ನಮ್ಮ ಊರಲ್ಲೇ ಇದ್ದಾರೆ. ಚೆಲುವಾಂಬ ವಿಲಾಸ ಅರಮನೆಯಲ್ಲಿ 1950ರಿಂದ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಇದೆ. ಸೈನಿಕರ ಊಟಕ್ಕೆ ಬೇಕಾದ ಸಂಶೋಧನೆಗೆ 1961ರಲ್ಲಿ ಡಿಎಫ್‌ಆರ್‌ಎಲ್, ಅಂದರೆ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಶುರುವಾಯಿತು. ಅಂಥ ಕಡೆ ನಡೆಯುವ ಫ್ರೀಜ್ ಡ್ರೈಯಿಂಗ್ ಬೇರೆಯೇ ವಿದ್ಯೆ. ಹೆಪ್ಪುಗಟ್ಟಿದ ನೀರನ್ನು ನಿರ್ವಾತದಲ್ಲಿ ನೇರವಾಗಿ ಆವಿ ಮಾಡುತ್ತಾರೆ. ಮನೆಯ ಫ್ರಿಡ್ಜ್‌ನಲ್ಲಿ ಅದು ಆಗುವ ಕೆಲಸವಲ್ಲ. ನಮಗೆ ಬಿಸಿಗಾಳಿಯೇ ಗತಿ.

ಮನೆಗೆ ತಂದುಕೊಳ್ಳುವ ಡಿಹೈಡ್ರೇಟರ್‌ನಲ್ಲಿ ಒಂದು ಹೀಟರ್, ಒಂದು ಫ್ಯಾನ್, ನಾಲ್ಕೈದು ಜಾಲರಿ ತಟ್ಟೆ ಇರುತ್ತವೆ. ಕೊಳ್ಳುವಾಗ ನೋಡಬೇಕಾದದ್ದು ಡಿಗ್ರಿ ಹೊಂದಿಸುವ ಗುಂಡಿ ಇದೆಯೇ ಅನ್ನುವುದು. 400 ವಾಟ್‌ನದು 8 ಗಂಟೆ ಓಡಿದರೆ ಹೆಚ್ಚೆಂದರೆ 3.2 ಯುನಿಟ್. ವರ್ಷಕ್ಕೆ ನಾಲ್ಕು ಸಲ ಬಳಸುವವರು ಕೊಳ್ಳದಿದ್ದರೂ ನಷ್ಟವಿಲ್ಲ. ತರಕಾರಿ ಬೆಳೆಯುವ ಎರಡು ಮೂರು ಮನೆಯವರು ಸೇರಿ ಒಂದು ತಂದರೆ ಇನ್ನೂ ಒಳ್ಳೆಯದು. ಓಟಿಜಿ (ಕರೆಂಟಿನ ಓವನ್) ಬಳಸುತ್ತೀವಿ ಅನ್ನುವವರು ಅದರ ಕಡಿಮೆ ಬಿಸಿ ಎಷ್ಟು ಅಂತ ನೋಡಿ. ಎಷ್ಟೋ ಓಟಿಜಿಗಳಲ್ಲಿ ಅದೇ ಜಾಸ್ತಿ ಆಗುತ್ತದೆ.

ತರಕಾರಿಗೆ 57ರಿಂದ 60 ಡಿಗ್ರಿ. ಬೇಗ ಆಗಲಿ ಅಂತ 80ಕ್ಕೆ ಏರಿಸಿದರೆ ಮೇಲಿನ ಪದರ ಗಟ್ಟಿಯಾಗಿ ಬಾಯಿ ಮುಚ್ಚಿಕೊಳ್ಳುತ್ತದೆ. ಒಳಗಿನ ನೀರಿಗೆ ಹೊರಬರಲು ದಾರಿ ಇಲ್ಲ. ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ, ಡಬ್ಬಿಗೆ ಹಾಕಿದ ವಾರಕ್ಕೆ ಬೂಸ್ಟು.

ಎಲ್ಲ ತುಂಡೂ ಒಂದೇ ದಪ್ಪ ಇರಬೇಕು, ಸುಮಾರು 3 ಮಿಲಿಮೀಟರ್. ಟೊಮೆಟೊ ಇದರ ಎರಡರಷ್ಟು ದಪ್ಪ ಇರಲಿ, ಇಲ್ಲದಿದ್ದರೆ ಜಾಲರಿಗೆ ಅಂಟಿ ಕಿತ್ತು ಬರುತ್ತದೆ. ಒಣಗಿಸುವ ಮುಂಚೆಯೂ ಹುರುಳಿಕಾಯಿ, ಬಟಾಣಿ, ಕೋಸು, ಕ್ಯಾರೆಟ್‌ಗೆ ಬ್ಲಾಂಚಿಂಗ್ ಬೇಕು. ಇಡ್ಲಿ ಪಾತ್ರೆಯ ಹಬೆಯಲ್ಲಿ ಮಾಡಿದರೆ ಇಲ್ಲಿ ಇನ್ನೂ ಅನುಕೂಲ, ನೀರು ಕುಡಿಯುವುದಿಲ್ಲ. ಹಬೆಯಲ್ಲಿ ಹೊತ್ತು ಒಂದೂವರೆ ಪಟ್ಟು. ಬೆಂಡೆ, ಈರುಳ್ಳಿ, ಮೆಣಸಿನಕಾಯಿ, ಟೊಮೆಟೊಗೆ ಬೇಡ.

ಕ್ಯಾರೆಟ್, ಕೋಸು ಒಣಗಲು 10ರಿಂದ 12 ಗಂಟೆ. ಹುರುಳಿಕಾಯಿಗೆ 8ರಿಂದ 14. ಬೆಂಡೆಗೆ, ಬಟಾಣಿಗೆ 8ರಿಂದ 10. ಟೊಮೆಟೊ ತಾಳ್ಮೆ ಕೇಳುತ್ತದೆ, 10ರಿಂದ 18 ಗಂಟೆ. ಮಳೆ ಬಂದ ದಿನ ಗಾಳಿಯಲ್ಲೇ ತೇವ ಇರುವುದರಿಂದ ಇನ್ನೂ ಎಳೆಯುತ್ತದೆ. ಈರುಳ್ಳಿ ಒಣಗಿಸುವಾಗ ಯಂತ್ರ ಹಜಾರದಲ್ಲಿಡಬೇಡಿ. ಬಾಲ್ಕನಿಯಲ್ಲಿ, ಇಲ್ಲವೇ ಪಾತ್ರೆ ತೊಳೆಯುವ ಕಡೆ ಇಡಿ. ಮೂರು ದಿನ ಪರದೆಯೆಲ್ಲ ಈರುಳ್ಳಿ ನಾತ ಬೇಕು ಅನ್ನಿಸಿದರೆ ನಿಮ್ಮಿಷ್ಟ.

ಗಂಟೆ ಬರೀ ಅಂದಾಜಿಗೆ. ಆಗಿದೆಯೋ ಇಲ್ಲವೋ ಅಂತ ಹೇಳುವುದು ತರಕಾರಿಯೇ. ಎರಡು ತುಂಡು ತೆಗೆದು ತಣ್ಣಗಾಗಲು ಬಿಡಿ, ಬಿಸಿಯಲ್ಲಿ ಎಲ್ಲವೂ ಮೆತ್ತಗಿರುತ್ತದೆ. ಬಗ್ಗಿಸಿದರೆ ಟಕ್ ಅಂತ ಮುರಿಯಬೇಕು. ಬಟಾಣಿಯನ್ನು ಕುಟ್ಟಿದರೆ ಪುಡಿಯಾಗಬೇಕು, ಚಪ್ಪಟೆಯಾದರೆ ಇನ್ನೂ ನೀರಿದೆ. 1 ಕೆಜಿ ಟೊಮೆಟೊ ಒಣಗಿ ಹೊರಬಂದಾಗ 100 ಗ್ರಾಂ ಕೂಡ ಇರುವುದಿಲ್ಲ. ನೋಡಿ ಬೇಜಾರು ಮಾಡಿಕೊಳ್ಳಬೇಡಿ, ಹೋದದ್ದು ಬರೀ ನೀರು.

ಒಣಗಿಸುವುದು: ಬಿಸಿಲಲ್ಲಿ

ಬಿಸಿಲು ಬಿಟ್ಟಿ. ಆದರೆ ಎಲ್ಲದಕ್ಕೂ ಅಲ್ಲ. ಬರೀ ಹೆಚ್ಚಿದ ತರಕಾರಿಯನ್ನು ಸುಮ್ನೆ ಮಹಡಿ ಮೇಲೆ ಹರಡಿದರೆ ಒಣಗಲು ಎರಡು ಮೂರು ದಿನ ಬೇಕು. ತರಕಾರಿಯಲ್ಲಿ ಹುಳಿ ಕಡಿಮೆ. ಆ ನಡುವೆ ಅದು ಕೆಡಲು ಬೇಕಾದಷ್ಟು ಹೊತ್ತು ಇರುತ್ತದೆ. ನಮ್ಮ ಹಿರಿಯರು ತರಕಾರಿಯನ್ನು ಬಾಳಕ ಮಾಡಿದ್ದು ಸುಮ್ನೆ ಅಲ್ಲ. ಉಪ್ಪು ನೀರನ್ನು ಎಳೆದು ಹಿಡಿದುಕೊಳ್ಳುತ್ತದೆ. ಹುಳಿ ಮಜ್ಜಿಗೆಯು ತರಕಾರಿ ಕೆಡಿಸುವ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಕೊನೆಗೆ ಬಾಳಕ ಕಾದ ಎಣ್ಣೆಗೆ ಬೀಳುತ್ತದೆ. ಹಾಗಾಗಿ ಬಿಸಿಲಿಗೆ ಹೋಗುವ ತರಕಾರಿಗೆ ಉಪ್ಪು, ಹುಳಿ ಜೊತೆಗಿರಲಿ. ಉಳಿದದ್ದು ಯಂತ್ರಕ್ಕೆ.

ಮಜ್ಜಿಗೆ ಮೆಣಸಿನಕಾಯಿಗೆ ಖಾರ ಕಡಿಮೆ ಇರುವ, ಸ್ವಲ್ಪ ದಪ್ಪನೆಯ ಹಸಿಮೆಣಸಿನಕಾಯಿ 1 ಕೆಜಿ ತೆಗೆದುಕೊಳ್ಳಿ. ತೊಟ್ಟು ಹಾಗೇ ಇರಲಿ. ತುದಿಯ ಕಡೆ ಒಂದು ಸೀಳು ಹಾಕಿ. 1 ಲೀಟರ್ ಗಟ್ಟಿ ಹುಳಿ ಮಜ್ಜಿಗೆಗೆ 100 ಗ್ರಾಂ ಉಪ್ಪು ಕಲಸಿ, ಮೆಣಸಿನಕಾಯಿ ಮುಳುಗಿಸಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕಾಯಿ ಮಾತ್ರ ತೆಗೆದು ಬಿಸಿಲಿಗೆ ಹರಡಿ. ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಮಜ್ಜಿಗೆಯೆಲ್ಲ ಕಾಯಿಗೆ ಹೀರಿಕೊಳ್ಳುವವರೆಗೆ, ಅಂದರೆ ಮೂರು ನಾಲ್ಕು ದಿನ, ಹೀಗೇ ನಡೆಯಲಿ. ಆಮೇಲೆ ಬರೀ ಬಿಸಿಲು. ನಮ್ಮ ಅತ್ತೆ ಒಂದು ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಬೀಜ ಗಲಗಲ ಅಂದರೆ ಡಬ್ಬಿಗೆ. ಇಲ್ಲದಿದ್ದರೆ "ಇನ್ನೊಂದು ಬಿಸಿಲು ಬೇಕಮ್ಮ" ಅಂತ ಮೊರವನ್ನು ವಾಪಸ್ ಮೇಲಕ್ಕೆ ಕಳಿಸುತ್ತಾರೆ.

ಹಾಗಲಕಾಯಿಯನ್ನು ತೆಳ್ಳಗೆ ಬಿಲ್ಲೆ ಹೆಚ್ಚಿ, ಉಪ್ಪು ಅರಿಶಿನ ಸವರಿ ಅರ್ಧ ಗಂಟೆ ಬಿಟ್ಟು, ಬಿಟ್ಟ ನೀರು ಹಿಂಡಿ ಮಜ್ಜಿಗೆಗೆ ಹಾಕಿ. ಗೋರಿಕಾಯಿಗೆ ಉಪ್ಪುನೀರಿನಲ್ಲಿ ಒಂದು ಕುದಿ ಬೇಕು, ಇಲ್ಲದಿದ್ದರೆ ಕರಿದ ಮೇಲೂ ನಾರು ಹಲ್ಲಿಗೆ ಸಿಗುತ್ತದೆ. ಬೆಂಡೆಕಾಯಿಯನ್ನು ಉದ್ದಕ್ಕೆ ಸೀಳಿ ಮಾಡಬಹುದು.

ಮೈಸೂರು, ಮಂಡ್ಯದಲ್ಲಿ ಇದಕ್ಕೆ ಸರಿಯಾದ ಕಾಲ ಫೆಬ್ರವರಿ ಮಧ್ಯದಿಂದ ಏಪ್ರಿಲ್‌ವರೆಗೆ. ಬಿಸಿಲು 30 ಡಿಗ್ರಿ ದಾಟಿರುತ್ತದೆ, ಗಾಳಿ ಒಣ. ಏಪ್ರಿಲ್ ಕೊನೆಗೆ ಮಧ್ಯಾಹ್ನದ ಗುಡುಗು ಮಳೆ ಶುರುವಾದರೆ ಮೂರು ಗಂಟೆಗೇ ಮೇಲೆ ಓಡಬೇಕಾಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಹರಡಿ, ನಾಲ್ಕೂವರೆಗೆ ಒಳಗೆ ತನ್ನಿ. ರಾತ್ರಿ ಹೊರಗೆ ಬಿಟ್ಟರೆ ಹಗಲೆಲ್ಲ ಹೋದ ತೇವ ಮತ್ತೆ ಬಂದು ಕೂರುತ್ತದೆ. ಸಿಮೆಂಟು ನೆಲದ ಮೇಲೆ ನೇರವಾಗಿ ಬೇಡ. ಎರಡು ಇಟ್ಟಿಗೆ ಮೇಲೆ ಜಾಲರಿ ಇಟ್ಟರೆ ಕೆಳಗಿನಿಂದಲೂ ಗಾಳಿ ಆಡುತ್ತದೆ. ಮೇಲೆ ಹಳೆ ಸೊಳ್ಳೆ ಪರದೆ ಕಟ್ಟಿ. ಚಾಮುಂಡಿ ಬೆಟ್ಟದ ಕಡೆಯವರಿಗೆ ಕೋತಿಗೂ ಒಂದು ಉಪಾಯ ಬೇಕಾಗುತ್ತದೆ. ಮಂಡ್ಯ ಕಡೆ ಆಲೆಮನೆ ಹತ್ತಿರ ಇದ್ದರೆ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ನೋಡಿ ಹರಡಿ, ಇಲ್ಲದಿದ್ದರೆ ಮೇಲೆಲ್ಲ ಮಸಿ.

ಸೊಪ್ಪಿಗೆ ಮಾತ್ರ ಬಿಸಿಲು ತಾಕಿಸಬೇಡಿ. ನುಗ್ಗೆ, ಮೆಂತ್ಯ, ಕರಿಬೇವು ನೆರಳಲ್ಲೇ ಒಣಗಬೇಕು. ಬಿಸಿಲಿಗೆ ಬಣ್ಣ ಹೋಗುತ್ತದೆ, ವಿಟಮಿನ್ ಎ ಆಗುವ ಅಂಶವೂ ಹೋಗುತ್ತದೆ. ತೊಳೆದು, ನೀರು ಪೂರ್ತಿ ಕೊಡವಿ, ಎಲೆ ಬಿಡಿಸಿ, ಗಾಳಿಯಾಡುವ ಕೋಣೆಯಲ್ಲಿ ಬಟ್ಟೆ ಮೇಲೆ ಹರಡಿ. ದಿನಕ್ಕೆರಡು ಸಲ ಮಗುಚಿ. ಅಂಗೈಯಲ್ಲಿ ಉಜ್ಜಿದರೆ ಪುಡಿಯಾದಾಗ ಆಯಿತು. ಕೊತ್ತಂಬರಿ ಒಣಗಿದರೆ ಹುಲ್ಲು. ಅದನ್ನು ಸ್ವಲ್ಪ ನೀರು ಹಾಕಿ ರುಬ್ಬಿ, ಐಸ್ ಟ್ರೇನಲ್ಲಿ ಗಟ್ಟಿ ಮಾಡಿಟ್ಟುಕೊಳ್ಳಿ.

ಡಬ್ಬಿಗೆ ಹಾಕುವ ಮುಂಚೆ

ಒಣಗಿದ್ದನ್ನು ಪೂರ್ತಿ ತಣ್ಣಗಾದ ಮೇಲೆ ಗಾಜಿನ ಬಾಟಲಿಗೆ ಮುಕ್ಕಾಲು ತುಂಬಿ. ಒಂದು ವಾರ ದಿನಾ ಒಂದು ಸಲ ಅಲ್ಲಾಡಿಸಿ ಬೆಳಕಿಗೆ ಹಿಡಿದು ನೋಡಿ. ಗಾಜಿನ ಒಳಗೆ ಹನಿ ಕಂಡರೆ, ಇಲ್ಲವೇ ತುಂಡುಗಳು ಒಂದಕ್ಕೊಂದು ಅಂಟಿದ್ದರೆ ಎಲ್ಲವನ್ನೂ ತೆಗೆದು ಮತ್ತೆ ಒಣಗಿಸಿ. ಬೂಸ್ಟು ಕಂಡರೆ ಇಡೀ ಬಾಟಲಿ ಎಸೆಯಿರಿ. ಕಂಡ ಕಡೆ ಮಾತ್ರ ತೆಗೆದು ಉಳಿದದ್ದು ಬಳಸುವುದು ಬೇಡ.

ಬಿಸಿಲಲ್ಲಿ ಒಣಗಿಸಿದ್ದರಲ್ಲಿ ನೊಣ, ಚಿಟ್ಟೆ ಮೊಟ್ಟೆ ಇಟ್ಟಿರಬಹುದು. ಅದನ್ನು ಕವರ್‌ನಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ದಿನ ಇಟ್ಟು, ಆಮೇಲೆ ಡಬ್ಬಿಗೆ ಹಾಕಿ. ಹೊರಗೆ ತೆಗೆದ ಕವರನ್ನು ಕೂಡಲೇ ಬಿಚ್ಚಬೇಡಿ. ಕೋಣೆಯ ಬಿಸಿಗೆ ಬಂದ ಮೇಲೆ ಬಿಚ್ಚಿ, ಇಲ್ಲದಿದ್ದರೆ ತೇವ ಒಳಗೆ ಇಳಿಯುತ್ತದೆ.

ಒಂದು ದೊಡ್ಡ ಡಬ್ಬಿಗಿಂತ ನಾಲ್ಕು ಚಿಕ್ಕ ಬಾಟಲಿ ಒಳ್ಳೆಯದು. ಮುಚ್ಚಳ ತೆಗೆದಾಗಲೆಲ್ಲ ತೇವ ಒಳಗೆ ಹೋಗುತ್ತದೆ. ಜೂನ್ ಬಂದ ಮೇಲಂತೂ ಕೇಳುವುದೇ ಬೇಡ. ಕತ್ತಲಿರುವ ತಣ್ಣನೆ ಕಪಾಟು ಸರಿ, ಒಲೆಯ ಮೇಲಿನ ಶೆಲ್ಫ್ ಬೇಡ. 27 ಡಿಗ್ರಿ ಸುತ್ತಮುತ್ತ ಇದ್ದರೆ ಉಪ್ಪು ಹಾಕದ ಒಣ ತರಕಾರಿಯ ರುಚಿ ಮೂರು ತಿಂಗಳಿಗೇ ಇಳಿಯಲು ಶುರುವಾಗುತ್ತದೆ. ಜಾಸ್ತಿ ದಿನ ಬೇಕಾದರೆ ಬಾಟಲಿಯನ್ನೇ ಫ್ರಿಡ್ಜ್‌ನಲ್ಲಿಡಿ.

ಎರಡು ಕೆಲಸ ಮಾತ್ರ ಮಾಡಲೇಬೇಡಿ. ಒಣಗಿದ ಟೊಮೆಟೊ, ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದು ಒಂದು. ಹಸಿ ತರಕಾರಿಯನ್ನು ನೀರಿನೊಂದಿಗೆ ಬಾಟಲಿಗೆ ತುಂಬಿ, ಕುದಿಸಿ, ಮುಚ್ಚಳ ಬಿಗಿದು ಕಪಾಟಿನಲ್ಲಿಡುವುದು ಇನ್ನೊಂದು. ಗಾಳಿ ಇಲ್ಲದ, ಹುಳಿ ಇಲ್ಲದ ಜಾಗದಲ್ಲೇ ಪ್ರಾಣಕ್ಕೇ ಕುತ್ತು ತರುವ ಬಾಟ್ಯುಲಿಸಂ ವಿಷ ಮಾಡುವ ಬ್ಯಾಕ್ಟೀರಿಯಾ ಬೆಳೆಯುವುದು. ಅದರ ಬೀಜಾಣು ಕುದಿನೀರಿಗೆ ಸಾಯುವುದಿಲ್ಲ. ಕೆಟ್ಟದ್ದು ವಾಸನೆಯಿಂದ ಗೊತ್ತಾಗದೇ ಇರಬಹುದು.

ಕರೆಂಟ್ ಹೋದರೆ

ಫ್ರೀಜರ್ ಬಾಗಿಲು ತೆಗೆಯಬೇಡಿ. ತುಂಬಿದ ದೊಡ್ಡ ಪೆಟ್ಟಿಗೆ ಫ್ರೀಜರ್ ಆದರೆ ಸುಮಾರು ಎರಡು ದಿನ ತಡೆಯುತ್ತದೆ, ಅರ್ಧ ತುಂಬಿದ್ದರೆ ಒಂದು ದಿನ. ಫ್ರಿಡ್ಜ್ ಮೇಲಿನ ಫ್ರೀಜರ್ ಅಷ್ಟು ತಡೆಯುವುದಿಲ್ಲ. ಖಾಲಿ ಜಾಗದಲ್ಲಿ ನೀರಿನ ಬಾಟಲಿ ಗಟ್ಟಿ ಮಾಡಿ ತುಂಬಿಸಿಟ್ಟರೆ ಚಳಿ ಹೆಚ್ಚು ಹೊತ್ತು ನಿಲ್ಲುತ್ತದೆ. ಊರಿಗೆ ಹೋಗುವ ಮುಂಚೆ ಒಂದು ಲೋಟದಲ್ಲಿ ನೀರು ಗಟ್ಟಿ ಮಾಡಿ ಮೇಲೆ ಒಂದು ರೂಪಾಯಿ ಇಟ್ಟು ಹೋಗಿ. ವಾಪಸ್ ಬಂದಾಗ ನಾಣ್ಯ ಲೋಟದ ತಳದಲ್ಲಿದ್ದರೆ ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ. ಅಂಥದ್ದನ್ನು ಬಳಸಬೇಡಿ. ಕರೆಂಟ್ ಬಂದಾಗ ತರಕಾರಿಯಲ್ಲಿ ಇನ್ನೂ ಮಂಜಿನ ಹರಳು ಇದ್ದರೆ ಹಾಗೇ ಮುಂದುವರಿಸಬಹುದು, ರುಚಿ ಸ್ವಲ್ಪ ಕಡಿಮೆಯಾಗುತ್ತದೆ ಅಷ್ಟೇ.

ಒಲೆ ಮೇಲೆ

ಫ್ರೀಜರ್ ತರಕಾರಿಯನ್ನು ಕರಗಿಸಲು ಕಾಯಬೇಡಿ. ನೇರವಾಗಿ ಕುದಿಯುವ ಸಾರಿಗೆ, ಕಾದ ಒಗ್ಗರಣೆಗೆ ಹಾಕಿ. ಬ್ಲಾಂಚ್ ಆಗಿರುವುದರಿಂದ ಬೇಯುವ ಹೊತ್ತು ಕಡಿಮೆ. ಅವರೆಕಾಳಿಗೆ ಕುಕ್ಕರ್‌ನಲ್ಲಿ ಒಂದು ವಿಶಲ್ ಕಡಿಮೆ ಮಾಡಿ. ಹಿದುಕಿದ ಬೇಳೆಗೆ ಕುಕ್ಕರೇ ಬೇಡ, ಮಸಾಲೆ ಕುದಿಯುವಾಗ ಹಾಕಿದರೆ ಸಾಕು. ಪಲ್ಯ ಮಾಡುವಾಗ ಮುಚ್ಚಳ ಮುಚ್ಚಬೇಡಿ, ನೀರು ಆರಲಿ.

ಒಣ ತರಕಾರಿಯನ್ನು ಒಂದೆರಡು ಗಂಟೆ ನೀರಲ್ಲಿ ನೆನೆಸಿ. ಅದಕ್ಕಿಂತ ಜಾಸ್ತಿ ನೆನೆಯಬೇಕಾದರೆ ಫ್ರಿಡ್ಜ್‌ನೊಳಗೆ. ನೆನೆದ ನೀರನ್ನು ಚೆಲ್ಲಬೇಡಿ, ಅದರಲ್ಲೇ ಬೇಯಿಸಿ. ಬಿಸಿಬೇಳೆಬಾತ್, ಸಾಗು, ಹುಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಬರೀ ಪಲ್ಯಕ್ಕೆ ಹೊಂದುವುದಿಲ್ಲ, ಅಗಿಯುವಾಗ ಗೊತ್ತಾಗುತ್ತದೆ. ಒಣಗಿಸಿಟ್ಟ ಬಟಾಣಿ, ಅಲಸಂದೆಯಂಥ ಕಾಳನ್ನು ನೆನೆಸಿ ಪೂರ್ತಿ ಬೇಯಿಸಿಯೇ ತಿನ್ನಿ. ಟೊಮೆಟೊವನ್ನು ಮಿಕ್ಸಿಯಲ್ಲಿ ಪುಡಿ ಮಾಡಿಟ್ಟುಕೊಂಡರೆ ಒಂದು ಚಮಚ ಒಂದು ಪಾತ್ರೆ ಸಾರಿಗೆ ಸಾಕು, ಹುಣಸೆಹಣ್ಣು ಆಗ ಸ್ವಲ್ಪ ಕಡಿಮೆ ಹಾಕಿ. ನುಗ್ಗೆಸೊಪ್ಪಿನ ಪುಡಿಯನ್ನು ಬೇಳೆ ಬೆಂದು ಒಲೆ ಆರಿಸುವ ಮುಂಚೆ ಉದುರಿಸಿ. ಬಾಳಕವನ್ನು ಹದವಾಗಿ ಕಾದ ಎಣ್ಣೆಯಲ್ಲಿ, ಸಣ್ಣ ಉರಿಯಲ್ಲಿ ಕರಿಯಿರಿ. ಎಣ್ಣೆ ಹೊಗೆಯಾಡುತ್ತಿದ್ದರೆ ಹಾಕಿದ ಗಳಿಗೆಗೆ ಕಪ್ಪಾಗಿ ಕಹಿಯಾಗುತ್ತದೆ.